ನಮ್ಮವನಿಗೆ ಶಿಕ್ಷೆಯಾದಾಗ

ಹಳೇಬೀಡಿಗೆ ಬರುವ ಪ್ರವಾಸಿ ಬಸ್ಸುಗಳು ಹೆಚ್ಚಾಗಿ ಹೊಯ್ಸಳೇಶ್ವರನ ಮುಂದೆ ನಿಂತು ಅಲ್ಲಿಂದಲೇ ಬೇಲೂರಿನ ಕಡೆ ತಿರುಗಿಬಿಡುತ್ತವೆ. ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಬಸ್ತಿಹಳ್ಳಿ. ಅಲ್ಲಿನ ಮೂರು ಬಸದಿಗಳಲ್ಲಿ ಹೆಸರಾದದ್ದು ವಿಜಯ ಪಾರ್ಶ್ವನಾಥನದು. ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದ ಬಸದಿ ಅದು. ಹೊರಗೋಡೆ ಸಾದಾ. ಒಳಗೆ ನವರಂಗದಲ್ಲಿ ಕಡೆದು, ಉಜ್ಜಿ, ಮಿರುಗು ಬರಿಸಿದ ಕಪ್ಪು ಕಲ್ಲಿನ ಕಂಬಗಳಿವೆ. ಎದುರು ನಿಂತವರ ರೂಪ ಒಂದರಲ್ಲಿ ನೆಟ್ಟಗೆ ಕಂಡರೆ ಇನ್ನೊಂದರಲ್ಲಿ ಉದ್ದವಾಗಿ, ಮತ್ತೊಂದರಲ್ಲಿ ಕುಗ್ಗಿ ಕಾಣುತ್ತದೆ.

ಬೇಲೂರಿನ ನಾಯಕರು ಆಳುತ್ತಿದ್ದ ಕಾಲದಲ್ಲಿ ಹುಚ್ಚಪ್ಪದೇವರು ಎಂಬ ವೀರಶೈವರೊಬ್ಬರು ಈ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದರು. ವಿಜಯಪ್ಪನೆಂಬ ಜೈನ ಅದನ್ನು ಅಳಿಸಿಹಾಕಿದ. ಜಗಳ ಎದ್ದಿತು. ಹಾಸನದ ಪದ್ಮಣ್ಣ ಸೆಟ್ಟಿ ಮತ್ತು ಬೇಲೂರು ಸೀಮೆಯ ಇತರ ಜೈನ ವರ್ತಕರು ಹಳೇಬೀಡಿನ ಮಹಾಮಹತ್ತಿನ ಮುಂದೆ, ಅಂದರೆ ವೀರಶೈವ ಹಿರಿಯರ ಸಭೆಯ ಮುಂದೆ, ಬಿನ್ನಹ ಮಾಡಿಕೊಂಡರು. ಆ ಸಭೆಯ ತೀರ್ಪು 1638ರ ಶಾಸನವೊಂದರಲ್ಲಿದೆ, ಬಿ.ಎಲ್. ರೈಸ್ ಅದನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಮೊದಲು ವಿಭೂತಿ ವೀಳ್ಯ ಸಲ್ಲಿಸಿ, ಆಮೇಲೆ ಹಿಂದಿನಿಂದ ಬಂದಂತೆ ಜೈನರು ತಮ್ಮ ಪೂಜೆಯನ್ನು ಸೂರ್ಯ ಚಂದ್ರರಿರುವವರೆಗೆ ನಡೆಸಿಕೊಳ್ಳಲಿ ಎಂಬುದು ಅದರ ಸಾರ.

ಈ ತೀರ್ಪನ್ನು ಸಮರಸದ ಸಾಕ್ಷಿ ಎಂದು ಮಾತ್ರ ಹೇಳಿ ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1220ರಲ್ಲಿ, ಮಂತ್ರಿ ರೇಚರಸ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದಾಗ ಜೈನರಿಗಿದ್ದ ಬಲ 1638ರ ಹೊತ್ತಿಗೆ ಉಳಿದಿರಲಿಲ್ಲ. ತಮ್ಮದೇ ಬಸದಿಯಲ್ಲಿ ತಮ್ಮದೇ ಪೂಜೆಗೆ ಅವರು ಬೇರೆ ಮತದ ವಿಭೂತಿ ವೀಳ್ಯಕ್ಕೆ ತಲೆಬಾಗಬೇಕಾಯಿತು. ಸಣ್ಣ ಸಮುದಾಯ ಶಾಂತಿಗೆ ತೆತ್ತ ಬೆಲೆ ಅದು.

ಆದರೂ ಶಾಸನದ ಕೊನೆಯ ಶಾಪವಾಕ್ಯ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಮಹಾಮಹತ್ತಿನ ಪಾದಕ್ಕೆ ದ್ರೋಹಿ, ಶಿವದ್ರೋಹಿ, ವಿಭೂತಿ ರುದ್ರಾಕ್ಷಿಗೆ ದ್ರೋಹಿ, ಕಾಶಿ ರಾಮೇಶ್ವರದ ಲಿಂಗಕ್ಕೆ ದ್ರೋಹಿ ಎಂದು ಅದು ಸಾರುತ್ತದೆ. ಜಿನನ ಹೆಸರಲ್ಲಿ ಶಾಪ ಹಾಕಿದ್ದರೆ ವೀರಶೈವರಿಗೆ ತಟ್ಟುತ್ತಿರಲಿಲ್ಲ. ಹಿರಿಯರು ತಮ್ಮವರ ಕೈ ಕಟ್ಟಲು ತಮ್ಮವರಿಗೆ ಪವಿತ್ರವಾದದ್ದನ್ನೇ ಬಳಸಿದರು. ಮುದ್ರೆ ಒತ್ತಿದವರು ನಮ್ಮವರು, ಆದ್ದರಿಂದ ಒತ್ತಿದ್ದೇ ಸರಿ ಎಂದು ಆ ಸಭೆ ಹೇಳಲಿಲ್ಲ.

ತನ್ನವನೊಬ್ಬ ತಪ್ಪು ಮಾಡಿದಾಗ ಸಮುದಾಯ ಏನು ಮಾಡಬೇಕೆಂಬ ಪ್ರಶ್ನೆ ಯಹೂದಿಗಳನ್ನು ಕಾಡಿದಷ್ಟು ಇನ್ನಾರನ್ನೂ ಕಾಡಿರಲಿಕ್ಕಿಲ್ಲ. ಶತಮಾನಗಳ ಕಾಲ ಅರಸರು, ಕಡಲ್ಗಳ್ಳರು ಅವರನ್ನು ಹಿಡಿದಿಟ್ಟು ಹಣ ಕೇಳುತ್ತಿದ್ದರು. ಹಾಗಾಗಿ ಸೆರೆಯಾದವರನ್ನು ಬಿಡಿಸುವುದು, ಅವರ ಮಾತಿನಲ್ಲಿ ‘ಪಿದ್ಯೋನ್ ಶ್ವೂಯಿಂ’, ದೊಡ್ಡ ಧರ್ಮಕಾರ್ಯವಾಯಿತು. ಬಡವರಿಗೆ ಅನ್ನ ಬಟ್ಟೆ ಕೊಡುವುದಕ್ಕಿಂತಲೂ ಇದು ಮೊದಲು ಎಂದು ಹನ್ನೆರಡನೆಯ ಶತಮಾನದ ಪಂಡಿತ ಮೈಮೊನಿಡೀಸ್ ಬರೆದ. ಅದಕ್ಕೂ ಹಿಂದಿನ ಮಿಷ್ನಾ ಒಂದು ಮಿತಿ ಹಾಕಿತ್ತು: ಲೋಕದ ಹಿತದೃಷ್ಟಿಯಿಂದ, ಸೆರೆಯಾಳಿಗೆ ಸಲ್ಲುವ ಬೆಲೆಗಿಂತ ಹೆಚ್ಚು ಕೊಟ್ಟು ಬಿಡಿಸಬಾರದು.

ಈ ಹಳೆಯ ಧರ್ಮ ನಮ್ಮ ಕಾಲದ ನ್ಯಾಯಾಲಯದ ಮುಂದೆ ಬಂದು ನಿಂತಾಗ ತೊಡಕು ಶುರುವಾಯಿತು. ಅಮೆರಿಕದ ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನಲ್ಲಿ ಯಹೂದಿ ಕಟ್ಟಳೆಯ ಮಾಂಸ ತಯಾರಿಸುವ ದೊಡ್ಡ ಕಾರ್ಖಾನೆಯಿತ್ತು. 2008ರ ಮೇ 12ರಂದು ವಲಸೆ ಅಧಿಕಾರಿಗಳು ದಾಳಿ ಮಾಡಿ 389 ಕಾರ್ಮಿಕರನ್ನು ಹಿಡಿದರು. ಹೆಚ್ಚಿನವರು ಗ್ವಾಟೆಮಾಲಾದ ಬಡವರು. ಕಾರ್ಖಾನೆ ನಡೆಸುತ್ತಿದ್ದ ಶೋಲೊಮ್ ರುಬಾಶ್ಕಿನ್ ಮೇಲಿನ ವಲಸೆ ಆರೋಪಗಳನ್ನು ಕೈಬಿಡಲಾಯಿತು. ಆದರೆ ಬ್ಯಾಂಕಿಗೆ ಮಾಡಿದ ವಂಚನೆ ಮತ್ತಿತರ 86 ಆರೋಪಗಳು 2009ರಲ್ಲಿ ಸಾಬೀತಾದವು. ಸರ್ಕಾರಿ ವಕೀಲರು ಕೇಳಿದ್ದು 25 ವರ್ಷ. ನ್ಯಾಯಾಧೀಶೆ 2010ರಲ್ಲಿ ಕೊಟ್ಟದ್ದು 27 ವರ್ಷ.

ಸಾಂಪ್ರದಾಯಿಕ ಯಹೂದಿ ಸಮಾಜ ಕಂಗೆಟ್ಟಿತು. ಪ್ರಾರ್ಥನಾ ಮಂದಿರಗಳಲ್ಲಿ ಆತನಿಗಾಗಿ ಕೀರ್ತನೆಗಳನ್ನು ಪಠಿಸಿದರು, ವಕೀಲರ ಖರ್ಚಿಗೆ ಹಣ ಕೂಡಿಸಿದರು, ಶ್ವೇತಭವನಕ್ಕೆ ಮನವಿ ಕಳಿಸಿದರು. ಅಟಾರ್ನಿ ಜನರಲ್‌ಗಳಾಗಿದ್ದವರೂ ಶಿಕ್ಷೆ ವಿಪರೀತವಾಯಿತೆಂದು ದನಿಗೂಡಿಸಿದರು. ಕೊನೆಗೆ 2017ರ ಡಿಸೆಂಬರ್ 20ರಂದು ಅಧ್ಯಕ್ಷ ಟ್ರಂಪ್ ಶಿಕ್ಷೆಯ ಅವಧಿ ಕಡಿತ ಮಾಡಿದರು. ಅಪರಾಧ ರದ್ದಾಗಲಿಲ್ಲ, ಕಟ್ಟಬೇಕಾದ ಪರಿಹಾರದ ಹಣವೂ ಮನ್ನಾ ಆಗಲಿಲ್ಲ. ಹಣದ ವಂಚನೆಗೆ 27 ವರ್ಷ ಹೆಚ್ಚೇ ಆಯಿತೆಂದು ನನಗೂ ಅನಿಸುತ್ತದೆ. ಕಡಿತ ಕೇಳಿದವರ ತಪ್ಪಿಲ್ಲ.

ಅದೇ ದಾಳಿಯಲ್ಲಿ ಸಿಕ್ಕಿಬಿದ್ದ ಸುಮಾರು ಮುನ್ನೂರು ಕೂಲಿಗಳನ್ನು ವಾಟರ್‌ಲೂ ಪಟ್ಟಣದ ಜಾನುವಾರು ಮೇಳದ ಮೈದಾನಕ್ಕೆ ಕರೆದೊಯ್ದು, ಕೈಕಾಲಿಗೆ ಬೇಡಿ ಹಾಕಿ, ಹತ್ತು ಹತ್ತು ಜನರ ಗುಂಪು ಮಾಡಿ ವಿಚಾರಣೆ ಮುಗಿಸಿದರು. ಬಹುಪಾಲು ಜನಕ್ಕೆ ಐದು ತಿಂಗಳ ಜೈಲು, ಆಮೇಲೆ ಗಡೀಪಾರು. ದುಭಾಷಿಯಾಗಿ ಹೋಗಿದ್ದ ಎರಿಕ್ ಕಮಾಯ್ಡ್ ಫ್ರೇಕ್ಸಸ್ ಕಂಡದ್ದನ್ನು ಬರೆದದ್ದರಿಂದ ಇದು ಲೋಕಕ್ಕೆ ತಿಳಿಯಿತು. ರುಬಾಶ್ಕಿನ್‌ಗಾಗಿ ಪ್ರಾರ್ಥಿಸಿದ ಎಷ್ಟು ಮಂದಿಯ ಬಾಯಲ್ಲಿ ಈ ಕೂಲಿಗಳ ಹೆಸರು ಬಂದಿತ್ತು? ಆದರೆ ಅದೇ ಸಮಾಜದಲ್ಲಿ ‘ಉರಿ ಲ್‌ಜೆದೆಕ್’ ಎಂಬ ಸಂಪ್ರದಾಯಸ್ಥ ಯುವಕರ ಸಂಘಟನೆಯೊಂದು ದಾಳಿಯ ವರ್ಷವೇ ಆ ಕಾರ್ಖಾನೆಯ ಮಾಂಸಕ್ಕೆ ಬಹಿಷ್ಕಾರ ಹಾಕಿತ್ತು. ಪ್ರಾಣಿಯನ್ನು ಹೇಗೆ ಕೊಯ್ದರೆಂದು ನೋಡುವ ಧರ್ಮ, ಕೊಯ್ದ ಕೂಲಿಯನ್ನು ಹೇಗೆ ನಡೆಸಿಕೊಂಡರೆಂದೂ ನೋಡಬೇಕು ಎಂಬುದು ಅವರ ವಾದ. ಸ್ವಂತದವರ ಎದುರು ನಿಂತು ಹೀಗೆನ್ನುವುದು ಸುಲಭವಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. ಅರಸೀಕೆರೆ, ಬೇಲೂರು ಎರಡೂ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಹಳೇಬೀಡು ಬೇಲೂರು ತಾಲ್ಲೂಕಿನದು. ಈ ಊರುಗಳ ಮತದಾರರು 2019ರಲ್ಲಿ ಗೆಲ್ಲಿಸಿ ಕಳಿಸಿದ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ, ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ, ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 2ರಂದು ಬದುಕಿರುವವರೆಗೂ ಜೈಲು ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಕ್ಕು ಅವರಿಗಿದೆ. ಶಿಕ್ಷೆ ಹೆಚ್ಚಾಯಿತು ಎನ್ನುವವರು ಅದನ್ನು ವಕೀಲರ ಮೂಲಕ ಹೈಕೋರ್ಟಿನಲ್ಲಿ ಹೇಳಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಆದರೆ ಕುಲ, ಪಕ್ಷ, ‘ನಮ್ಮ ಗೌಡರ ಮನೆ’ ಎಂಬ ಅಭಿಮಾನ ಇವು ಕಣ್ಣು ಕಟ್ಟಿದಾಗ ಮೊದಲು ಮರೆಯಾಗುವುದು ದೂರು ಕೊಟ್ಟ ಹೆಣ್ಣು. ಹಾಗಾಗದಂತೆ ತಡೆದವರೂ ನಮ್ಮ ನಡುವೆಯೇ ಇದ್ದರು. ಆರೋಪಿ ವಿದೇಶದಲ್ಲಿದ್ದಾಗ, 2024ರ ಮೇ 23ರಂದು, ತಾತ, ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರೇ ಬಹಿರಂಗ ಪತ್ರ ಬರೆದು, ಎಲ್ಲಿದ್ದರೂ ಬಂದು ಕಾನೂನಿಗೆ ಶರಣಾಗಬೇಕು, ಇಲ್ಲವಾದರೆ ಕುಟುಂಬದಿಂದಲೇ ದೂರವಾಗಬೇಕಾದೀತು ಎಂದು ಎಚ್ಚರಿಸಿದರು. ಅದಾಗಿ ಒಂದು ವಾರಕ್ಕೆ, ಮೇ 30ರಂದು, ನಾಡಿನ ಮೂಲೆಮೂಲೆಯಿಂದ ಬಂದ ಮಹಿಳೆಯರು, ಲೇಖಕರು, ರೈತರು, ಕಾರ್ಮಿಕರು ‘ಹಾಸನ ಚಲೋ’ ಹೆಸರಿನಲ್ಲಿ ಹಾಸನದ ಬೀದಿಯಲ್ಲಿ ನಡೆದರು. ಬಲಿಷ್ಠರ ಸ್ವಂತ ಊರಿನಲ್ಲಿ, ಅವರ ಎದುರೇ ಹಾಗೆ ನಡೆಯುವುದಕ್ಕೆ ಎದೆ ಬೇಕು. ಮರುದಿನ ನಸುಕಿನಲ್ಲಿ ಆರೋಪಿ ಜರ್ಮನಿಯಿಂದ ಬಂದಿಳಿದರು, ಬಂಧನವಾಯಿತು.

ಮನೆಗೆಲಸದ ಹೆಂಗಸೊಬ್ಬರು ಮಾಜಿ ಪ್ರಧಾನಿಯ ಮೊಮ್ಮಗನ ವಿರುದ್ಧ ಕಟಕಟೆಯಲ್ಲಿ ನಿಂತು ಕೊನೆಯವರೆಗೂ ಅಲುಗದೆ ಉಳಿದರೆಂಬುದು ಈ ಪ್ರಕರಣದ ದೊಡ್ಡ ಸಂಗತಿ. ಅವರ ಹೆಸರು ನಮಗೆ ಗೊತ್ತಾಗಬೇಕಿಲ್ಲ. ಅವರಿಗೆ ಊರು ಕೆಲಸ ಕೊಟ್ಟಿತೇ, ನೆಂಟರು ಮನೆಗೆ ಕರೆದರೇ ಎಂಬುದರ ಹೊಣೆ ಮಾತ್ರ ನಮ್ಮೆಲ್ಲರದು.

2024ರ ಚುನಾವಣೆಯ ಹೊತ್ತಿಗೆ ಪೆನ್‌ಡ್ರೈವ್‌ಗಳಲ್ಲಿ ಹಾಸನದ ತುಂಬ ಹರಡಿದ, ಇದೇ ಆರೋಪಗಳಿಗೆ ಸಂಬಂಧಿಸಿದ ವಿಡಿಯೊಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಮುಖಗಳಿದ್ದವು. ಅವನ್ನು ಹಂಚುವುದೂ ಅಪರಾಧ. ಅರಸೀಕೆರೆಯಲ್ಲಾಗಲಿ ಬೇಲೂರಿನಲ್ಲಾಗಲಿ ಯಾರದೇ ಮೊಬೈಲಿನಲ್ಲಿ ಅವು ಇನ್ನೂ ಉಳಿದಿದ್ದರೆ ದಯವಿಟ್ಟು ಇಂದೇ ಅಳಿಸಿಬಿಡಿ.