ಅಮೃತಾಪುರದ ಕಲ್ಲು, ತಾಂಡಾದ ಹಾಡು

ಅಕ್ಕಂದಿರೇ, ನೀವು ಅಮೃತಾಪುರ ನೋಡಿದ್ದೀರಾ? ತರೀಕೆರೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರ. ನಮ್ಮ ಕಲಿಕಾ ಕೇಂದ್ರದ ಹೆಂಗಸರೆಲ್ಲ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ಬಂದೆವು. ಅಜ್ಜಂಪುರದ ಕಡೆಯ ತಾಂಡಾದಿಂದ ಒಬ್ಬ ಲಂಬಾಣಿ ಅಕ್ಕನೂ ಬಂದಿದ್ದರು.

ಅಲ್ಲಿರುವುದು ಅಮೃತೇಶ್ವರ ದೇವಾಲಯ. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ಕಾಲದ್ದು. ಅವನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ. ಎಂಟು ನೂರು ವರ್ಷ ದಾಟಿದೆ. ಇಂದಿಗೂ ಪೂಜೆ ನಡೆಯುತ್ತದೆ. ಗುಡಿ ಬಳಪದ ಕಲ್ಲಿನದು. ಹೌದು, ನಾವು ಸ್ಲೇಟಿನ ಮೇಲೆ ಬರೆಯುವ ಬಳಪದ ಜಾತಿಯ ಕಲ್ಲೇ! ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ. ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಮಾಡಲು ಆಯಿತು.

ಮಂಟಪದ ಹೊರಗೋಡೆಯಲ್ಲಿ ರಾಮಾಯಣದ ಕಥೆ ಇದೆ. ಎಪ್ಪತ್ತು ಚಿತ್ರಗಳು. ಗುಡಿಗೆ ಬಲಕ್ಕೆ ಸುತ್ತುವುದು ನಮ್ಮ ರೂಢಿ. ಇಲ್ಲಿ ರಾಮಾಯಣ ಎಡಕ್ಕೆ ಸಾಗುತ್ತದೆ. ನಮಗೆ ಗೊತ್ತಾಗಲಿಲ್ಲ. ಕೊನೆಯಿಂದ ನೋಡಲು ಶುರು ಮಾಡಿ ಕಥೆಯೆಲ್ಲ ಹಿಂದುಮುಂದಾಯಿತು. ನಕ್ಕೂ ನಕ್ಕೂ ಸಾಕಾಯ್ತು.

ಅಲ್ಲಿ ಒಂದು ದೊಡ್ಡ ಶಾಸನದ ಕಲ್ಲೂ ಇದೆ. ಶಾಸನ ಎಂದರೆ ಕಲ್ಲಿನ ಮೇಲಿನ ಬರಹ. ಇದನ್ನು ಬರೆದವನು ಕವಿ ಜನ್ನ. "ಇದೂ ಕನ್ನಡಾನಾ ಟೀಚರ್?" ಎಂದು ಒಬ್ಬರು ಕೇಳಿದರು. ಹೌದು, ಹಳೆಯ ಕನ್ನಡ. ಎಲ್ಲರೂ ಬಗ್ಗಿ ಹುಡುಕಿದರು. ಒಂದು 'ಗ' ಸಿಕ್ಕಿತು. ಒಂದು 'ರ' ಸಿಕ್ಕಿತು.

"ಕಲ್ಲಿನಲ್ಲಿ ಹೆಂಗಸರ ಹೆಸರು ಇರೋದಿಲ್ವಾ?"

ಇರುತ್ತದೆ. ದೂರ ಯಾಕೆ, ನಮ್ಮ ಕಡೂರಿನಲ್ಲೇ ಇದೆ. ಅದು 971ರ ಶಾಸನ. ಅದರಲ್ಲಿರುವ ಹೆಸರು ಪಾಂಬಬ್ಬೆ. ಗಂಗರ ದೊರೆ ಬೂತುಗನ ಅಕ್ಕ. ಜೈನರ ಪದ್ಧತಿಯಂತೆ ತಲೆಗೂದಲು ಕಿತ್ತು ಸನ್ಯಾಸಿನಿಯಾದಳು. ಮೂವತ್ತು ವರ್ಷ ತಪಸ್ಸು ಮಾಡಿ ತೀರಿಕೊಂಡಳು. ಕಲ್ಲಿನಲ್ಲಿ ಬರೆದಿದ್ದಕ್ಕೆ ಇಷ್ಟು ನಮಗೆ ಗೊತ್ತು. ಊರ ಮುಂದಿನ ವೀರಗಲ್ಲಿಗೆ ನಾವು ಸುಣ್ಣ ಬಳಿಯುತ್ತೇವಲ್ಲ, ಅಲ್ಲೂ ಅಕ್ಷರ ಇದ್ದರೆ ಮುಚ್ಚಿಹೋಗುತ್ತದೆ. ಅರಿಶಿನ ಕುಂಕುಮ ಇಡೋಣ, ಸುಣ್ಣ ಬೇಡ.

ಬುತ್ತಿ ಬಿಚ್ಚಿದಾಗ ಲಂಬಾಣಿ ಅಕ್ಕ ಸುಮ್ಮನೆ ಕೂತಿದ್ದರು. ಯಾಕಕ್ಕ ಎಂದು ಕೇಳಿದೆವು. "ನಮ್ಮ ಮಾತಿಗೆ ಅಕ್ಷರಾನೇ ಇಲ್ಲ. ದೀಪಾವಳಿಗೆ ಹುಡುಗೀರು ದೀಪ ಹಿಡಿದು ಮನೆಮನೆಗೆ ಹೋಗಿ ಹಾಡ್ತೀವಿ. ನಮ್ಮ ಯಾಡಿಗೆ ಎಲ್ಲಾ ಬರುತ್ತೆ. ನನಗೆ ಅರ್ಧ. ನನ್ನ ಮಗಳಿಗೆ ಏನೂ ಬರಲ್ಲ" ಎಂದರು. ಯಾಡಿ ಎಂದರೆ ತಾಯಿ. ಲಂಬಾಣಿಗರು ಹಿಂದೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿದವರು. ಅವರ ಮಾತು ಗೋರಬೋಲಿ.

ನಾವು ಅವರಿಗೆ ಮಾಯಾ ಜನರ ಕಥೆ ಹೇಳಿದೆವು. ಅವರ ನಾಡು ಬಹಳ ದೂರ, ಅಮೆರಿಕ ಖಂಡದ ಮೆಕ್ಸಿಕೊ, ಗ್ವಾಟೆಮಾಲಾ ದೇಶಗಳಲ್ಲಿದೆ. ಅವರೂ ಕಲ್ಲಿನ ಗುಡಿ ಕಟ್ಟಿದರು. ಅವರಿಗೆ ತಮ್ಮದೇ ಅಕ್ಷರ ಇತ್ತು. ಸ್ಪೇನ್ ದೇಶದವರು ಬಂದು ಆಳಿದರು. 1562ರಲ್ಲಿ ಒಬ್ಬ ಪಾದ್ರಿ ಅವರ ಪುಸ್ತಕಗಳನ್ನು ಸುಡಿಸಿದ. ಇಂದು ಉಳಿದಿರುವುದು ನಾಲ್ಕೇ ನಾಲ್ಕು. ಕಲ್ಲಿನ ಬರಹ ಓದುವವರೇ ಇಲ್ಲವಾದರು. 1952ರಿಂದ ಈಚೆಗೆ ವಿದ್ವಾಂಸರು ಮತ್ತೆ ಓದುವ ದಾರಿ ಕಂಡುಕೊಂಡರು. ಹಾಗಂತ ಮಾಯಾ ಜನ ಅಳಿದಿರಲಿಲ್ಲ. ಈಗಲೂ ಲಕ್ಷ ಲಕ್ಷ ಜನ ಇದ್ದಾರೆ. ಹೆಂಗಸರು ಮಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಬಣ್ಣದ ಬಟ್ಟೆ ನೇಯುತ್ತಾರೆ. ತಮ್ಮ ಮಾತನ್ನು ಇಂಗ್ಲಿಷಿಗೆ ಬಳಸುವ ಅಕ್ಷರಗಳಲ್ಲೇ ಬರೆಯುತ್ತಾರೆ.

"ಅಂದ್ರೆ ಬೇರೆಯವರ ಅಕ್ಷರದಲ್ಲಿ ನಮ್ಮ ಮಾತು ಬರೀಬೋದಾ?"

ಬರೀಬಹುದು. ಕನ್ನಡ ಅಕ್ಷರದಲ್ಲಿ ಗೋರಬೋಲಿ ಬರೆಯುವವರು ಈಗಲೇ ಇದ್ದಾರೆ.

ಮುಂದಿನ ವಾರ ಅವರು ಯಾಡಿಯನ್ನೇ ಕೇಂದ್ರಕ್ಕೆ ಕರೆದುಕೊಂಡು ಬಂದರು. ಅಜ್ಜಿ ಹಾಡಿದರು, ಮಗಳು ಬರೆದರು. ಒಂದು ಕಡೆ 'ಳ' ಹಾಕಬೇಕೋ 'ಲ' ಹಾಕಬೇಕೋ ಎಂದು ದೊಡ್ಡ ಜಗಳ. ಅಜ್ಜಿ ಅದೇ ಸಾಲನ್ನು ನಾಲ್ಕು ಸಲ ಹಾಡಿದರು. ಕೊನೆಗೆ 'ಳ' ಗೆದ್ದಿತು. ಆ ಸಂಜೆ ಎರಡು ಸಾಲು ಆಯಿತು. ಹಾಡು ಉದ್ದವಾಗಿದೆ, ಇನ್ನೂ ಬರೆಯುತ್ತಿದ್ದಾರೆ.