ಹಳೆಯ ಜೀಪಿನ ದುರಸ್ತಿ: ಕೆಲಸ ಒಬ್ಬರದು, ಎಚ್ಚರ ಮನೆಮಂದಿಯದು

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕದ ಮಾಡಿನಡಿ ಟಾರ್ಪಾಲು ಹೊದ್ದು ಕುಳಿತ ಹಳೆಯ ಜೀಪೊಂದನ್ನು ನೀವು ನೋಡಿರಬಹುದು. ಎರಡನೆಯ ಮಹಾಯುದ್ಧದ ಕಾಲಕ್ಕೆ, 1941ರಿಂದ ತಯಾರಾದ ವಿಲ್ಲೀಸ್ ಜೀಪಿನ ವಂಶದವು ಇವು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರ ಕಂಪನಿ ಅವನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಕಾಫಿ ಮೂಟೆ ಹೊತ್ತದ್ದು, ಮಳೆಗಾಲದ ಕೆಸರಿನಲ್ಲಿ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಇಂಥ ಗಾಡಿಗಳೇ. ಈಗ ಮೊಮ್ಮಕ್ಕಳಿಗೆ ಅಜ್ಜನ ಜೀಪನ್ನು ಮತ್ತೆ ಓಡಿಸುವ ಆಸೆ.

ಆಸೆ ಒಳ್ಳೆಯದೇ. ಕೈಗೆ ಕೆಲಸ, ಮನಸ್ಸಿಗೆ ಉಲ್ಲಾಸ, ಅಪ್ಪ ಮಕ್ಕಳು ಒಟ್ಟಿಗೆ ಕಳೆಯುವ ಹೊತ್ತು ಎಲ್ಲವೂ ಇದರಲ್ಲಿದೆ. ನಿವೃತ್ತರಿಗಂತೂ ಇದಕ್ಕಿಂತ ಒಳ್ಳೆಯ ಹವ್ಯಾಸ ಸಿಗುವುದು ಕಷ್ಟ. ಆದರೆ ಗ್ಯಾರೇಜಿನಲ್ಲಿ ಆಗುವ ಕೆಲಸ ಮನೆಯಂಗಳಕ್ಕೆ ಬಂದಾಗ ಅದರ ಅಪಾಯಗಳೂ ಜೊತೆಗೇ ಬರುತ್ತವೆ. ಸ್ಪ್ಯಾನರ್ ಹಿಡಿದವನ ಬೆರಳು ಜಜ್ಜಿದರೆ ಕಣ್ಣಿಗೆ ಕಾಣುತ್ತದೆ. ಧೂಳು, ಹೊಗೆ, ಬಣ್ಣದ ಪುಡಿ ಕಾಣುವುದಿಲ್ಲ. ಅವು ಅಂಗಿಗೆ ಅಂಟಿಕೊಂಡು ಒಳಮನೆಗೆ ನುಸುಳುತ್ತವೆ. ಅಲ್ಲಿ ತೆವಳುವ ಕೂಸಿರಬಹುದು, ಬಟ್ಟೆ ಒಗೆಯುವ ತಾಯಿಯಿರಬಹುದು.

ಬ್ರೇಕಿನ ಧೂಳನ್ನು ಊದಬೇಡಿ

ಹಳೆಯ ಜೀಪಿನ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್, ಎಂಜಿನ್ನಿನ ಕೆಲವು ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುವ ಸಂಭವ ಹೆಚ್ಚು. ಬ್ರೇಕ್ ಡ್ರಮ್ ತೆಗೆದಾಗ ಒಳಗೆ ಕಾಣುವ ಬೂದುಬಣ್ಣದ ಹುಡಿಯನ್ನು ಬಾಯಿಂದ ಊದುವುದು, ಕಂಪ್ರೆಸರ್ ಗಾಳಿ ಹೊಡೆಯುವುದು, ಡ್ರಮ್ಮನ್ನು ನೆಲಕ್ಕೆ ಕುಟ್ಟುವುದು ನಮ್ಮಲ್ಲಿ ರೂಢಿ. ಇದರಷ್ಟು ಕೆಟ್ಟ ರೂಢಿ ಇನ್ನೊಂದಿಲ್ಲ. ಕಲ್ನಾರಿನ ಎಳೆಗಳು ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿದರೆ ಅಲ್ಲೇ ಉಳಿಯಬಲ್ಲವು. ಶ್ವಾಸಕೋಶದ ಕ್ಯಾನ್ಸರ್ ಮತ್ತು ಶ್ವಾಸಕೋಶದ ಹೊರಪದರಕ್ಕೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಇದರ ಫಲ. ರೋಗ ತಲೆದೋರಲು 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ.

1965ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಮೀಸೋಥೀಲಿಯೋಮಕ್ಕೆ ತುತ್ತಾದವರಲ್ಲಿ ಕಲ್ನಾರು ಕಾರ್ಖಾನೆಯ ಒಳಗೆ ಒಂದು ದಿನವೂ ದುಡಿಯದ ಹೆಂಗಸರಿದ್ದರು. ಅವರು ಮಾಡಿದ ಕೆಲಸ ಒಂದೇ: ಕಾರ್ಖಾನೆಯಿಂದ ಬಂದ ಗಂಡನ ಬಟ್ಟೆ ಒಗೆದದ್ದು. ಬ್ರೇಕ್ ಡ್ರಮ್ಮಿನ ಹುಡಿ ಕಾರ್ಖಾನೆಯ ಧೂಳಿನಷ್ಟು ಅಲ್ಲ, ಒಂದೆರಡು ಬಾರಿ ಬ್ರೇಕ್ ಬಿಚ್ಚಿದವರಿಗೆಲ್ಲ ಕ್ಯಾನ್ಸರ್ ಬರುವುದೂ ಇಲ್ಲ. ಆದರೂ ಕಲ್ನಾರಿನ ವಿಷಯದಲ್ಲಿ ಇಷ್ಟರವರೆಗೆ ಸುರಕ್ಷಿತ ಎಂದು ಹೇಳುವಂತಿಲ್ಲ. ತಡೆಯುವ ದಾರಿ ಸುಲಭವಾಗಿರುವಾಗ ಅಲಕ್ಷ್ಯ ಏಕೆ?

ದಾರಿ ಇದು. ಸಾಬೂನು ನೀರನ್ನು ಸಣ್ಣಗೆ ಸಿಂಪಡಿಸಿ ಹುಡಿಯನ್ನು ಪೂರ್ತಿ ನೆನೆಸಿ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಒಣಗುವ ಮುನ್ನವೇ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿ ವಿಲೇವಾರಿ ಮಾಡಿ. ಸುಡಬೇಡಿ. ಕಸಬರಿಕೆ ಮುಟ್ಟಲೇಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದು ಎಳೆಗಳನ್ನು ಮತ್ತೆ ಗಾಳಿಗೆ ಉಗುಳುತ್ತದೆ. ಕೊರೊನಾ ಕಾಲದ ಬಟ್ಟೆಯ ಮಾಸ್ಕ್ ಇಲ್ಲಿ ಉಪಯೋಗವಿಲ್ಲ. ಎನ್-95 ಸಹ ಕಲ್ನಾರಿಗೆ ಸಾಲದು, ಪಿ-100 ದರ್ಜೆಯ ಫಿಲ್ಟರ್ ಇರುವ ರಬ್ಬರ್ ಮುಖಗವಸು ಬೇಕು. ಹೊಸ ಲೈನಿಂಗ್ ಕೊಳ್ಳುವಾಗ ಕಲ್ನಾರು ರಹಿತ ಎಂದು ನಮೂದಾಗಿರುವುದನ್ನೇ ಕೇಳಿ ಪಡೆಯಿರಿ.

ಬಣ್ಣದೊಳಗಿನ ಸೀಸ

ಬ್ರೇಕಿನ ನಂತರ ಬಾಡಿಯ ಸರದಿ. ಹಳೆಯ ಬಣ್ಣ ಕೆರೆಯಲು ಉಪ್ಪುಕಾಗದ, ಗ್ರೈಂಡರ್ ಹಿಡಿಯುತ್ತೀರಿ. ಕೆಂಪು ಪ್ರೈಮರ್, ಹಳದಿ, ಕಿತ್ತಳೆ, ಹಸಿರು ಮುಂತಾದ ಹಳೆಯ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಇರುವುದು ಸಾಮಾನ್ಯ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ಅಜ್ಜನ ಕಾಲದ ಜೀಪಿಗೆ ಇಂಥ ಯಾವ ಕಟ್ಟುಪಾಡೂ ಇರಲಿಲ್ಲ. ಸೀಸ ಬೆರೆತ ಪೆಟ್ರೋಲಿನ ಮಾರಾಟವೂ ದೇಶದಲ್ಲಿ ನಿಂತದ್ದು 2000ದ ಫೆಬ್ರುವರಿಯಲ್ಲಿ. ಆದ್ದರಿಂದ ಹಳೆಯ ಪೆಟ್ರೋಲ್ ಎಂಜಿನ್ನಿನ ಸೈಲೆನ್ಸರಿನಲ್ಲಿ ಕಟ್ಟಿಕೊಂಡ ಮಸಿಯಲ್ಲೂ ಸೀಸ ಇದ್ದೀತು.

ಸೀಸ ಮಕ್ಕಳ ವೈರಿ. ದೊಡ್ಡವರ ಕರುಳು ಒಳಹೋದ ಸೀಸದಲ್ಲಿ ಹತ್ತನೇ ಒಂದು ಭಾಗದಷ್ಟನ್ನು ಹೀರಿಕೊಂಡರೆ, ಎಳೆಯ ಮಕ್ಕಳ ಕರುಳು ಹೆಚ್ಚುಕಡಿಮೆ ಅರ್ಧದಷ್ಟನ್ನು ಹೀರುತ್ತದೆ. ಬೆಳೆಯುವ ಮೆದುಳಿಗೆ ಏಟು ಬಿದ್ದು ಕಲಿಕೆ ಕುಂಠಿತವಾಗುತ್ತದೆ, ಗಮನ ಚದುರುತ್ತದೆ, ರಕ್ತಹೀನತೆ ಬರುತ್ತದೆ. ಮೊದಮೊದಲು ಹೊರಲಕ್ಷಣ ಏನೂ ಇರುವುದಿಲ್ಲ. ರಕ್ತದಲ್ಲಿ ಸೀಸದ ಯಾವ ಮಟ್ಟವನ್ನೂ ಸುರಕ್ಷಿತ ಎನ್ನಲಾಗದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬಸುರಿಯ ರಕ್ತದಲ್ಲಿ ಸೀಸವಿದ್ದರೆ ಅದು ಗರ್ಭದ ಶಿಶುವಿಗೂ ದಾಟುತ್ತದೆ.

ಹಾಗಾಗಿ ಬಣ್ಣವನ್ನು ಒಣಗಿದಾಗ ಉಜ್ಜದೆ ನೀರು ಹಾಕಿ ಉಜ್ಜುವ ಕಾಗದ ಬಳಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಒದ್ದೆಯಿರುವಾಗಲೇ ಸುತ್ತಿ ತೆಗೆಯಿರಿ. ಬ್ಲೋಲ್ಯಾಂಪಿನಿಂದ ಬಣ್ಣ ಸುಟ್ಟರೆ ಸೀಸ ಹೊಗೆಯಾಗಿ ಏಳುತ್ತದೆ, ಅದು ಬೇಡವೇ ಬೇಡ. ಬಾವಿಕಟ್ಟೆ, ತರಕಾರಿ ಮಡಿ, ಮಕ್ಕಳು ಆಡುವ ಅಂಗಳದ ಬಳಿ ಈ ಕೆಲಸ ಕೂಡದು. ತಿಂಗಳುಗಟ್ಟಲೆ ಕೆಲಸ ನಡೆದಿದ್ದರೆ ವೈದ್ಯರನ್ನು ಕಂಡು ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸಿಕೊಳ್ಳಿ. ಹೊಸ ಬಣ್ಣ ಸಿಂಪಡಿಸುವುದನ್ನು ಮಾತ್ರ ಬಣ್ಣದ ಅಂಗಡಿಯವರಿಗೇ ಬಿಡಿ. ಇಂದಿನ ಎರಡು ಡಬ್ಬಿ ಬೆರೆಸುವ ಪಾಲಿಯುರಿಥೇನ್ ಬಣ್ಣಗಳ ಮಂಜಿನಲ್ಲಿರುವ ಐಸೋಸಯನೇಟ್ ಆಸ್ತಮಾ ತರಬಲ್ಲದು.

ಸುಳಿವಿಲ್ಲದ ವಿಷಾನಿಲ

ವರ್ಷಗಳ ಮೇಲೆ ಎಂಜಿನ್ ಗುಡುಗಿದ ಕ್ಷಣ ಮನೆಯವರೆಲ್ಲ ಓಡಿ ಬಂದು ಸುತ್ತ ನಿಲ್ಲುತ್ತಾರೆ. ಮಳೆ ಬರುತ್ತಿದ್ದರೆ ಶೆಡ್ಡಿನ ಬಾಗಿಲು ಮುಚ್ಚಿರುತ್ತದೆ. ಅಪಾಯ ಇರುವುದು ಇಲ್ಲೇ. ಹಳೆಯ ಎಂಜಿನ್ನಿನ ಹೊಗೆಯಲ್ಲಿ, ವಿಶೇಷವಾಗಿ ಪೆಟ್ರೋಲ್ ಎಂಜಿನ್ನಿನದರಲ್ಲಿ, ಕಾರ್ಬನ್ ಮೊನಾಕ್ಸೈಡ್ ಧಾರಾಳ. ಈಗಿನ ಕಾರುಗಳಲ್ಲಿರುವ ಕೆಟಲಿಟಿಕ್ ಕನ್ವರ್ಟರ್ ಅದಕ್ಕಿಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು ದೇಹವನ್ನು ಒಳಗಿಂದಲೇ ಉಸಿರುಗಟ್ಟಿಸುತ್ತದೆ.

ತಲೆನೋವು, ತಲೆಸುತ್ತು, ಓಕರಿಕೆ, ನಿತ್ರಾಣ ಇದರ ಲಕ್ಷಣಗಳು. ಹಲವರು ಪಿತ್ತವೆಂದು ತಿಳಿದು ಅಲ್ಲೇ ಕುಳಿತುಬಿಡುತ್ತಾರೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈಗ ಅನೇಕ ಮನೆಗಳಲ್ಲಿದೆ. ಅದನ್ನು ನಂಬಿ ಮೋಸಹೋಗಬೇಡಿ. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ 98, 99 ಎಂದು ತೋರಿಸಬಹುದು. ಅಸ್ವಸ್ಥರಾದವರನ್ನು ಕೂಡಲೇ ತೆರೆದ ಗಾಳಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ, ಎಂಜಿನ್ ಹೊಗೆಯಲ್ಲಿದ್ದರು ಎಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಿ. ಆಮ್ಲಜನಕವೇ ಇದಕ್ಕೆ ಚಿಕಿತ್ಸೆ. ಬಾಗಿಲು ಅರ್ಧ ತೆರೆದಿದ್ದರೂ ಸಾಲದು, ಜೀಪನ್ನು ಹೊರಗೆ ತಳ್ಳಿಯೇ ಚಾಲೂ ಮಾಡಿ.

ಪೆಟ್ರೋಲ್ ಬಾಯಿಗೆ, ಜೀಪು ಮೈಮೇಲೆ

ಟ್ಯಾಂಕಿನ ಹಳೆಯ ಪೆಟ್ರೋಲನ್ನು ಕೊಳವೆ ಇಟ್ಟು ಬಾಯಿಂದ ಎಳೆಯುವವರು ಇನ್ನೂ ಇದ್ದಾರೆ. ಒಂದು ಹನಿ ಶ್ವಾಸನಾಳಕ್ಕೆ ಜಾರಿದರೂ ತೀವ್ರ ನ್ಯುಮೋನಿಯ ಬರಬಹುದು. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ದೊಡ್ಡ ತಪ್ಪು. ಹೊರಬರುವ ಪೆಟ್ರೋಲೇ ಶ್ವಾಸಕೋಶಕ್ಕೆ ನುಗ್ಗುತ್ತದೆ. ನೇರ ಆಸ್ಪತ್ರೆಗೆ ಹೋಗಿ. ಕೈಪಂಪಿಗೆ ಹೆಚ್ಚು ಹಣ ಬೇಕಿಲ್ಲ. ಪೆಟ್ರೋಲ್, ಥಿನ್ನರ್, ಬ್ಯಾಟರಿ ಆಸಿಡ್ ಇವನ್ನು ತಂಪುಪಾನೀಯದ ಬಾಟಲಿಗೆ ಎಂದೂ ತುಂಬಿಡಬೇಡಿ. ಬಾಯಾರಿದ ಮಗುವಿಗೆ ಬಾಟಲಿಯ ಗುರುತಷ್ಟೇ ಗೊತ್ತು.

ಜೀಪಿನ ತೂಕ ಸುಮಾರು ಒಂದು ಟನ್. ಜ್ಯಾಕ್ ಇರುವುದು ಗಾಡಿಯನ್ನು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಗಟ್ಟಿ ನೆಲದಲ್ಲಿ ಎರಡು ಉಕ್ಕಿನ ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಮರದ ದಿಮ್ಮಿ ಇಟ್ಟ ಮೇಲೆಯೇ ಅಡಿಗೆ ನುಸುಳಿ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತವೆ. ಒಬ್ಬರೇ ಇರುವಾಗ ಜೀಪಿನಡಿ ಮಲಗುವ ಕೆಲಸವನ್ನು ನಾಳೆಗೆ ಇಡಿ.

ಕಣ್ಣು, ಚರ್ಮ, ಗಾಯ

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಆಗ ಏನೂ ಅನ್ನಿಸುವುದಿಲ್ಲ. ಆರೆಂಟು ಗಂಟೆ ಕಳೆದು, ಸರಿರಾತ್ರಿಯಲ್ಲಿ ಕಣ್ಣಿಗೆ ಮರಳು ಬಿದ್ದಂತೆ ಉರಿ ಏಳುತ್ತದೆ. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಇದೇ ಗತಿ. ಪೆಟ್ರೋಲ್ ಟ್ಯಾಂಕ್ ಎಷ್ಟೇ ವರ್ಷ ಖಾಲಿ ಬಿದ್ದಿರಲಿ, ಮನೆಯಲ್ಲಿ ವೆಲ್ಡ್ ಮಾಡಬೇಡಿ. ಉಳಿದ ಆವಿಯೇ ಸ್ಫೋಟಕ್ಕೆ ಸಾಕು. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಆಸಿಡ್ ಕಣ್ಣಿಗೆ ಸಿಡಿದರೆ ಕನಿಷ್ಠ 20 ನಿಮಿಷ ನೀರು ಹರಿಸಿ, ಆಮೇಲೆ ನೇತ್ರವೈದ್ಯರ ಬಳಿ ಹೋಗಿ.

ಕೈಯ ಕರಿ ಆಯಿಲನ್ನು ಪೆಟ್ರೋಲಿನಿಂದ ತೊಳೆದರೆ ಚರ್ಮ ಒಡೆದು ಇಸುಬಿಗೆ ದಾರಿ. ಕೊಬ್ಬರಿ ಎಣ್ಣೆ ತಿಕ್ಕಿ, ಒರೆಸಿ, ಬಳಿಕ ಸಾಬೂನು ಹಾಕಿ. ಇನ್ನು, ತುಕ್ಕಿನಿಂದ ಧನುರ್ವಾಯು ಬರುತ್ತದೆಂಬ ಮಾತು ಪೂರ್ತಿ ಸರಿಯಲ್ಲ. ರೋಗಾಣು ಇರುವುದು ಮಣ್ಣು, ಸಗಣಿಯಲ್ಲಿ. ಕೊಟ್ಟಿಗೆಯ ಪಕ್ಕ ನಿಂತ ಜೀಪಿನ ತಗಡಿಗೆ ಅವೆರಡೂ ಮೆತ್ತಿರುತ್ತವೆ. ಹತ್ತು ವರ್ಷಕ್ಕೊಮ್ಮೆ ಚುಚ್ಚುಮದ್ದು ಬೇಕು. ಮೊದಲಿನ ಟಿ.ಟಿ. ಬದಲು ಈಗ ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಲಸಿಕೆ ಕೊಡುತ್ತಾರೆ. ಆಳವಾದ, ಕೊಳಕು ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ವೈದ್ಯರನ್ನು ಆ ದಿನವೇ ಕಾಣಿರಿ.

ಅಂದಕ್ಕೆ ಮೊದಲು ಭದ್ರತೆ

ಜೀಪು ಎದ್ದು ನಿಂತ ಮೇಲೆ ದೊಡ್ಡ ಟೈರು, ಸಾಲು ದೀಪ, ಹೆಚ್ಚು ಶಕ್ತಿಯ ಎಂಜಿನ್ ಹಾಕುವ ಮನಸ್ಸಾಗುತ್ತದೆ. ಹಣ ಮೊದಲು ಹೋಗಬೇಕಾದದ್ದು ಬ್ರೇಕಿಗೆ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಆಯಿಲ್ ಸಾಲು, ಒಂದು ಕಡೆ ಸೋರಿದರೆ ನಾಲ್ಕೂ ಕೈಕೊಡುತ್ತವೆ. ಚಾರ್ಮಾಡಿ, ಆಗುಂಬೆ ಘಾಟಿಯ ಇಳಿಜಾರಿನಲ್ಲಿ ಹಾಗಾದರೆ ಗತಿಯೇನು? ಹೊಸ ಕೊಳವೆ, ಹೊಸ ಆಯಿಲ್ ಕಡ್ಡಾಯ. ಎರಡು ಸಾಲಿನ ಮಾಸ್ಟರ್ ಸಿಲಿಂಡರನ್ನು ತಿಳಿದ ಮೆಕ್ಯಾನಿಕ್ಕರ ಕೈಯಲ್ಲಿ ಹಾಕಿಸಿದರೆ ಮೇಲು. ಸೀಟ್ ಬೆಲ್ಟನ್ನು ತುಕ್ಕು ತಿಂದ ತಗಡಿಗೆ ಬಿಗಿದರೆ ಪ್ರಯೋಜನವಿಲ್ಲ, ಚಾಸಿಗೆ ಸೇರಿದ ಬಲವಾದ ಕಬ್ಬಿಣಕ್ಕೆ ಬಿಗಿಯಬೇಕು. ತಲೆಯ ಮೇಲಿನ ಉಕ್ಕಿನ ಕಂಬಿಗೆ ಮೆತ್ತೆ ಸುತ್ತದಿದ್ದರೆ ಕಾಯಬೇಕಾದ ಕಂಬಿಯೇ ತಲೆ ಒಡೆಯುತ್ತದೆ.

ನೋಂದಣಿ ಪತ್ರದ ವಿವರಕ್ಕೂ ತಯಾರಕರ ಮೂಲ ವಿನ್ಯಾಸಕ್ಕೂ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಎಂಜಿನ್ ಬದಲಾವಣೆಯಂಥ ಕೆಲಸಕ್ಕೆ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ.

ಮನೆಗೆ ಕೆಲವು ನಿಯಮ

ಜೀಪಿನ ಕೆಲಸಕ್ಕೆ ಒಂದು ಜೊತೆ ಬಟ್ಟೆ, ಚಪ್ಪಲಿ ಮೀಸಲಿಡಿ. ಅವು ಶೆಡ್ಡಿನಲ್ಲೇ ಇರಲಿ. ಒಳಬರುವ ಮುನ್ನ ಬಟ್ಟೆ ಬದಲಿಸಿ, ಕೈಕಾಲು ಮುಖ ತೊಳೆಯಿರಿ, ಸಾಧ್ಯವಾದರೆ ಸ್ನಾನ ಮಾಡಿ. ಆ ಬಟ್ಟೆಯನ್ನು ಕೊಡವದೆ, ಮನೆಯವರ ಬಟ್ಟೆಯೊಂದಿಗೆ ಬೆರೆಸದೆ, ನೀರಿನಲ್ಲಿ ನೆನೆಸಿ ನೀವೇ ಒಗೆಯಿರಿ. ಕೆಲಸದ ಜಾಗದಲ್ಲಿ ಕಾಫಿ, ತಿಂಡಿ, ಎಲೆ ಅಡಿಕೆ ಬೇಡ. ಬಣ್ಣ ಕೆರೆಯುವ, ಬ್ರೇಕ್ ಬಿಚ್ಚುವ ದಿನ ಮಕ್ಕಳು ಮತ್ತು ಬಸುರಿಯರು ಆ ಕಡೆ ಸುಳಿಯದಿರಲಿ. ಮಕ್ಕಳನ್ನು ಪೂರ್ತಿ ದೂರವಿಡಬೇಕೆಂದಿಲ್ಲ. ತೊಳೆದ ನಟ್ಟು ಬೋಲ್ಟು ವಿಂಗಡಿಸುವುದು, ಸ್ಪ್ಯಾನರ್ ಅಳತೆ ಗುರುತಿಸುವುದು ಅವರಿಗೆ ತಕ್ಕ ಕೆಲಸ.

ಈ ನಿಯಮಗಳಿಗೆ ತಗಲುವುದು ದಿನಕ್ಕೆ ಹೆಚ್ಚೆಂದರೆ ಅರ್ಧ ಗಂಟೆ. ಅಷ್ಟು ವರ್ಷ ಟಾರ್ಪಾಲಿನಡಿ ಕಾದ ಜೀಪು ಆ ಅರ್ಧ ಗಂಟೆಯನ್ನೂ ಕಾಯುತ್ತದೆ.