ರೆಪ್ಪೆಗೂ ಬೇಕು ತಾಳ್ಮೆ

"ಅಮ್ಮಾ, ನೀನು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತೀಯಲ್ಲಾ!" ಎಂದು ಮಗಳು ಗಾಬರಿಯಿಂದ ಹೇಳಿದಾಗ ನಾವು ಬೆಂಗಳೂರಿನಿಂದ ಕಾಪೆಲ್‌ಗೆ ಮರಳಿ ಒಂದು ವಾರವೂ ಆಗಿರಲಿಲ್ಲ.

ನಡೆದದ್ದು ಇಷ್ಟೇ. ಐವತ್ತು ದಾಟಿದ ಮೇಲೆ ನನ್ನ ಮೇಲಿನ ರೆಪ್ಪೆಗಳ ಚರ್ಮ ಜೋತುಬಿದ್ದು, ಯಾವ ಫೋಟೋದಲ್ಲಿ ನೋಡಿದರೂ ನಿದ್ದೆಗಣ್ಣು. ಊರಿಗೆ ಹೋದ ಮೂರು ವಾರದ ರಜದಲ್ಲಿ ಒಂದು ಮದುವೆ, ಒಂದು ಗೃಹಪ್ರವೇಶ, ಧರ್ಮಸ್ಥಳ ಯಾತ್ರೆ. ಇವುಗಳ ನಡುವೆ 'ಇದೊಂದೂ ಆಗಿಹೋಗಲಿ' ಎಂದು ರೆಪ್ಪೆಯ ಆಪರೇಷನ್ ಮಾಡಿಸಿಕೊಂಡೆ. ಹೊಲಿಗೆ ಬಿಚ್ಚಿದ ಮೂರನೇ ದಿನ ವಿಮಾನ ಹತ್ತಿದೆ. ಇಲ್ಲಿಗೆ ಬಂದು ಕನ್ನಡಿ ನೋಡಿದರೆ, ಬಲಗಣ್ಣಿನ ಹೊರ ಅಂಚಿನಲ್ಲಿ ಚರ್ಮ ಇನ್ನೂ ಜೋತಾಡುತ್ತಿದೆ; ಎಡಗಣ್ಣು ಪೂರ್ತಿ ಮುಚ್ಚುತ್ತಲೇ ಇಲ್ಲ!

ಮೂರು ತಿಂಗಳಿಗೆ ಮಗಳ ರಂಗಪ್ರವೇಶ. ಅಷ್ಟರೊಳಗೆ ಸರಿಮಾಡಿಸಲೇಬೇಕೆಂದು ಡಲ್ಲಾಸ್‌ನ ತಜ್ಞರ ಬಳಿ ಓಡಿದೆ. ಅವರು ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಸ್ಕೇಲ್ ಹಿಡಿದು ಅಳೆದು, "ಈಗ ಕತ್ತರಿ ಮುಟ್ಟುವುದಿಲ್ಲ. ಆರು ತಿಂಗಳು ಕಾಯಿರಿ" ಅಂದುಬಿಟ್ಟರು. ನನಗೆ ಅಳುವೇ ಬಂತು. ನಮ್ಮವರು ಮಾತ್ರ, "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಗಾದೆ ಹೇಳಿ ಸುಮ್ಮನಾದರು!

ಏಕೆ ಕಾಯಬೇಕು?

ನಮ್ಮ ಮೈಮೇಲೆಲ್ಲ ಅತಿ ತೆಳುವಾದ ಚರ್ಮ ರೆಪ್ಪೆಯದು. ಅಲ್ಲಿ ಸ್ವಲ್ಪ ಗಾಯವಾದರೂ ಊತ ಬೇಗ ಬರುತ್ತದೆ. ಮೊದಲ ಎರಡು ವಾರದಲ್ಲಿ ಕಪ್ಪುನೀಲಿ ಕಲೆ, ಊತದ ಬಹುಪಾಲು ಇಳಿಯುತ್ತವೆ. 'ಇನ್ನೇನು ಗುಣವಾಯಿತು' ಎಂದುಕೊಳ್ಳುವಾಗಲೇ ಒಳಗಿನ ಗಾಯ ಗಟ್ಟಿಯಾಗಿ ಬಿಗಿಯತೊಡಗುತ್ತದೆ. ಒಂದರಿಂದ ಮೂರು ತಿಂಗಳ ಈ ಅವಧಿಯಲ್ಲಿ ರೆಪ್ಪೆ ಎಳೆದಂತೆ, ಒಂದು ಕಣ್ಣು ಇನ್ನೊಂದಕ್ಕೆ ಹೊಂದದಂತೆ ಕಾಣುವುದುಂಟು. ಆಮೇಲೆ ಅದು ನಿಧಾನವಾಗಿ ಮೆತ್ತಗಾಗುತ್ತದೆ. ಪೂರ್ತಿ ಮಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ನಡುವೆ ಕತ್ತರಿಸಿದರೆ ವೈದ್ಯರು ಅಳೆಯುವುದು ರೆಪ್ಪೆಯನ್ನಲ್ಲ, ಊತವನ್ನು!

ಇನ್ನೊಂದು ವಿಷಯ. ಕಣ್ಣು ಸರಿಯಾಗಿ ಮುಚ್ಚಲು ಹುಬ್ಬು ಮತ್ತು ರೆಪ್ಪೆಗೂದಲಿನ ನಡುವೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿದಿರಬೇಕೆಂಬುದು ಶಸ್ತ್ರವೈದ್ಯರ ಲೆಕ್ಕ. ಹೆಚ್ಚು ಉಳಿದದ್ದನ್ನು ಮುಂದೆ ತೆಗೆಯಬಹುದು. ತೆಗೆದು ಎಸೆದದ್ದನ್ನು ತರುವುದೆಲ್ಲಿಂದ? ಬೇರೆ ಕಡೆಯ ಚರ್ಮವನ್ನು ಕಸಿ ಮಾಡಬೇಕಾಗುತ್ತದೆ. ನಮ್ಮ ಸುಶ್ರುತ ಸಂಹಿತೆಯಲ್ಲಿ ಕೂಡ ಕಣ್ಣಿಗೆ ಚುಚ್ಚುವ ರೆಪ್ಪೆಗೂದಲಿನ ಚಿಕಿತ್ಸೆಗೆ, ಹುಬ್ಬಿನ ಕಡೆ ಎರಡು ಪಾಲು, ಕೂದಲಿನ ಕಡೆ ಒಂದು ಪಾಲು ಬಿಟ್ಟು, ನಡುವೆ ಜವೆಗೋಧಿ ಕಾಳಿನ ಆಕಾರದಲ್ಲಿ ಚರ್ಮ ತೆಗೆಯಬೇಕೆಂದಿದೆ. ಅಂದೂ ಅಳತೆಯೇ ಮುಖ್ಯ!

ಯಾವಾಗ ಕಾಯಲೇಬಾರದು?

ಆಪರೇಷನ್ ಆದ ಮೊದಲ ದಿನಗಳಲ್ಲಿ ತೀವ್ರ ನೋವು, ಕಣ್ಣು ಮುಂದಕ್ಕೆ ಉಬ್ಬುವುದು, ದೃಷ್ಟಿ ಮಂಜಾಗುವುದು ಕಂಡರೆ ಕಣ್ಣಿನ ಹಿಂದೆ ರಕ್ತ ಸೇರುತ್ತಿರಬಹುದು. ಆಗ ಬೆಳಗಾಗಲೆಂದು ಕಾಯದೆ 911ಕ್ಕೆ ಫೋನ್ ಮಾಡಿ. ಜ್ವರ, ಕೀವು, ಹೆಚ್ಚುತ್ತಿರುವ ಕೆಂಪು ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಕಣ್ಣು ಮುಚ್ಚದೆ ಕಾರ್ನಿಯಾ ಒಣಗಿ ಹುಣ್ಣಾಗುವಂತಿದ್ದರೂ ಆರು ತಿಂಗಳ ಲೆಕ್ಕ ನಡೆಯುವುದಿಲ್ಲ.

ಕಾಯುವಾಗ ಮಾಡಬೇಕಾದ್ದು

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ನನಗೆ ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಕೊಟ್ಟರು. ಟೆಕ್ಸಾಸ್ ಬಿಸಿಲಿಗೆ ಕಪ್ಪು ಕನ್ನಡಕ ಕಡ್ಡಾಯ, ಕಾರಿನ ಎ.ಸಿ. ಗಾಳಿ ಮುಖಕ್ಕೆ ಹೊಡೆಯದಂತೆ ತಿರುಗಿಸಬೇಕು. ಆಸ್ಟಿನ್ ಕಡೆಯವರು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಸೀಡರ್ ಅಲರ್ಜಿಯ ಕಾಲವನ್ನು ನೆನಪಿಡಿ. ತುರಿಸುವ ಕಣ್ಣನ್ನು ಉಜ್ಜಿದರೆ ಹೊಸ ಗಾಯಕ್ಕೆ ಕೇಡು. ಮಸಾಜನ್ನು ವೈದ್ಯರು ಹೇಳಿದರೆ ಮಾತ್ರ, ಅವರು ತೋರಿಸಿದಂತೆ ಮಾಡಿ.

ತಿಂಗಳಿಗೊಮ್ಮೆ ಅದೇ ಕಿಟಕಿಯ ಬಳಿ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡುವವರಿಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ. ಮೊದಲ ಆಪರೇಷನ್ನಿನ ವಿವರವಾದ ವರದಿಯನ್ನೂ ಹಿಂದಿನ ಫೋಟೋಗಳನ್ನೂ ತರಿಸಿಕೊಳ್ಳಿ. ಎಷ್ಟು ಚರ್ಮ, ಎಷ್ಟು ಕೊಬ್ಬು ತೆಗೆದರೆಂದು ತಿಳಿಯದೆ ಎರಡನೆಯ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಸಾಧ್ಯವಿದ್ದರೆ, ಕಣ್ಣಿನ ವೈದ್ಯಶಾಸ್ತ್ರ ಓದಿ ರೆಪ್ಪೆಯ ಪ್ಲಾಸ್ಟಿಕ್ ಸರ್ಜರಿಯಲ್ಲಿ ವಿಶೇಷ ತರಬೇತಿ ಪಡೆದ ಆಕ್ಯುಲೋಪ್ಲಾಸ್ಟಿಕ್ ಸರ್ಜನ್ ಅವರನ್ನೇ ಕಾಣಿ.

ಆಸ್ಪಿರಿನ್, ಮೀನಿನೆಣ್ಣೆ, ವಿಟಮಿನ್ ಇ, ಅಜ್ಜಿ ಕೊಟ್ಟ ಗಿಡಮೂಲಿಕೆ, ಎಲ್ಲವನ್ನೂ ವೈದ್ಯರಿಗೆ ಹೇಳಿ. ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ಆದರೆ ಹೃದಯದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿಯಲ್ಲಿರಲಿ. ಥೈರಾಯ್ಡ್‌ನಿಂದ ಕಣ್ಣಿನ ತೊಂದರೆ ಇರುವವರಿಗೆ ಮೊದಲು ಆ ಕಾಯಿಲೆ ತಿಂಗಳುಗಟ್ಟಲೆ ಸ್ಥಿರವಾಗಿರಬೇಕು. ಇನ್ನು ಖರ್ಚು: ಅಂದಕ್ಕಾಗಿ ಮಾಡಿಸುವುದಕ್ಕೆ ಇನ್ಶೂರೆನ್ಸ್ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ರೆಪ್ಪೆ ದೃಷ್ಟಿಗೇ ಅಡ್ಡ ಬರುತ್ತಿದ್ದರೆ, ದೃಷ್ಟಿಕ್ಷೇತ್ರದ ಪರೀಕ್ಷೆ ಮತ್ತು ಫೋಟೋ ಕೊಟ್ಟು ಕೇಳಬಹುದು.

ಕೊನೆಗೆ ಏನಾಯಿತು?

ನಾಲ್ಕನೇ ತಿಂಗಳ ಹೊತ್ತಿಗೆ ಎಡಗಣ್ಣು ತಾನಾಗಿಯೇ ಮುಚ್ಚತೊಡಗಿತು! ಅದಕ್ಕೆ ಯಾವ ಕತ್ತರಿಯೂ ಬೇಕಾಗಲಿಲ್ಲ. ಎಂಟನೇ ತಿಂಗಳಲ್ಲಿ ಬಲಗಣ್ಣಿನ ಅಂಚಿನ ಸ್ವಲ್ಪ ಚರ್ಮವನ್ನಷ್ಟೇ ತೆಗೆದರು. ನನ್ನ ಹಟದಂತೆ ಮೊದಲೇ ಮಾಡಿಸಿದ್ದರೆ, ತಾನೇ ಗುಣವಾಗಲಿದ್ದ ಕಣ್ಣನ್ನೂ ಕೊಯ್ಯಿಸಿಕೊಂಡಿರುತ್ತಿದ್ದೆ.

ರಂಗಪ್ರವೇಶದ ಫೋಟೋಗಳಲ್ಲಿ ನನ್ನ ಎರಡು ಕಣ್ಣು ಎರಡು ತರಹ ಇವೆ. ಮಗಳು ಅದರಲ್ಲೇ ಒಂದನ್ನು ದೊಡ್ಡದು ಮಾಡಿಸಿ ಹಾಲ್‌ನಲ್ಲಿ ಹಾಕಿದ್ದಾಳೆ. ಬಂದವರು ಯಾರೂ ನನ್ನ ರೆಪ್ಪೆ ನೋಡಿಲ್ಲ. ಎಲ್ಲರೂ ಅವಳ ಅಭಿನಯದ ಮಾತೇ ಆಡುತ್ತಾರೆ.

ಮುಂದಿನ ಸಲ ಊರಿಗೆ ಹೋಗುವಾಗ ನಿಮ್ಮ ಪಟ್ಟಿಯಲ್ಲಿ 'ಕಣ್ಣಿನ ಆಪರೇಷನ್' ಎಂದಿದ್ದರೆ, ಅದನ್ನು ಮದುವೆ-ಯಾತ್ರೆಗಳ ಮಧ್ಯೆ ತುರುಕಬೇಡಿ. ಗುಣವಾಗುವವರೆಗೆ ನೋಡಿಕೊಳ್ಳುವ ವೈದ್ಯರು ಹತ್ತಿರವಿರುವ ಕಡೆಯೇ ಮಾಡಿಸಿಕೊಳ್ಳಿ. ಮಕ್ಕಳನ್ನು ಕಣ್ಣಿನ ರೆಪ್ಪೆಯಂತೆ ಕಾಪಾಡುತ್ತೇವೆ ಅನ್ನುತ್ತೇವಲ್ಲ, ಆ ರೆಪ್ಪೆಯನ್ನೂ ಸ್ವಲ್ಪ ಕಾಪಾಡೋಣ!